ಮೊದಲ ಪಾಠಕ್ಕೆ ಎಲ್‌ಪಿಜಿ ಟ್ಯಾಂಕರೋ, ಅಮೋನಿಯಾವೋ?

ಕಾಸರಗೋಡಿನ ಹೊಸ ಅಗ್ನಿಶಾಮಕ ಸಿಬ್ಬಂದಿಗೆ ಅಪಾಯಕಾರಿ ರಾಸಾಯನಿಕಗಳ ಪಾಠವನ್ನು ಹೆದ್ದಾರಿಯ ಎಲ್‌ಪಿಜಿ ಟ್ಯಾಂಕರಿನಿಂದ ಶುರುಮಾಡಬೇಕೋ, ಐಸ್ ಪ್ಲಾಂಟಿನ ಅಮೋನಿಯಾದಿಂದಲೋ?

ಎಲ್‌ಪಿಜಿಯೇ ಮೊದಲಿರಲಿ. ಮಂಗಳೂರು ಕಡೆಯ ಟ್ಯಾಂಕರುಗಳು ತಲಪಾಡಿ ದಾಟಿ ಮಂಜೇಶ್ವರ, ಕುಂಬಳೆಯ ಮೇಲೆಯೇ ತೆಂಕಣಕ್ಕೆ ಹೋಗುತ್ತವೆ. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಸಿಡಿದು 20 ಜನ ಸತ್ತದ್ದನ್ನು ಇಲ್ಲಿಯವರು ಮರೆಯಬಾರದು. ದುಬಾರಿ ಸಾಮಗ್ರಿಯೂ ಬೇಡ: ಖಾಲಿ ಲಾರಿಗೆ ಎಲ್‌ಪಿಜಿಯ ಗುರುತು ಸಂಖ್ಯೆಯಾದ 1075ರ ಫಲಕ ಅಂಟಿಸಿ, ದುರ್ಬೀನಿನಲ್ಲಿ ದೂರದಿಂದಲೇ ಓದಿಸಿ. ಗಾಳಿ ಬೆನ್ನಿಗಿರಬೇಕು. ಸೋರಿಕೆಗೆ ಸುತ್ತಲೂ ಕನಿಷ್ಠ 100 ಮೀಟರ್, ಟ್ಯಾಂಕ್ ಬೆಂಕಿಗೆ ಸಿಕ್ಕಿದ್ದರೆ 1.6 ಕಿಲೋಮೀಟರ್ ಖಾಲಿ ಮಾಡಿಸಬೇಕು. ಈ ಅನಿಲ ಗಾಳಿಗಿಂತ ಭಾರ, ಚರಂಡಿ ಹಿಡಿದು ತಗ್ಗಿನ ಮನೆಗಳಿಗೆ ಇಳಿಯುತ್ತದೆ. ಹೊಸಬರು ಎಡವುವುದು ಜ್ವಾಲೆ ನಂದಿಸುವ ಆತುರದಲ್ಲಿ. ಸೋರಿಕೆ ಕಟ್ಟಲಾಗದಿದ್ದರೆ ಉರಿಯಲಿ ಬಿಡಿ, ದೂರದಿಂದ ಟ್ಯಾಂಕಿನ ಮೇಲ್ಭಾಗ ತಣಿಸಿ. ಒಳಗೆ ದ್ರವ ತಾಗದ ಲೋಹವೇ ಬೇಗ ಮೆತ್ತಗಾಗಿ ಸೀಳುವುದು. ಸುರಕ್ಷಾ ವಾಲ್ವಿನ ಸದ್ದು ಏರಿದರೆ ಎಲ್ಲರೂ ಹಿಂದೆ ಸರಿಯಬೇಕು.

ಅಮೋನಿಯಾಕ್ಕೆ (ಗುರುತು ಸಂಖ್ಯೆ 1005) ಉಸಿರಾಟದ ಸಿಲಿಂಡರ್ ಸೆಟ್ ಜತೆಗೆ ಅನಿಲ ನುಸುಳದ ರಾಸಾಯನಿಕ ಉಡುಪೂ ಬೇಕು. ಮಾಮೂಲಿ ಬೆಂಕಿ ಕೋಟು ಸಾಲದು, ಬೆವರಿದ ಚರ್ಮವನ್ನೇ ಅಮೋನಿಯಾ ಮೊದಲು ಸುಡುತ್ತದೆ. ಅನಿಲದ ಮೋಡಕ್ಕೆ ನೀರಿನ ತುಂತುರು ಸರಿ, ನೆಲದ ದ್ರವದ ಮೇಲೆ ಮಾತ್ರ ನೀರು ಬೀಳಬಾರದು: ಕುದಿದು ಇನ್ನಷ್ಟು ಅನಿಲ ಏಳುತ್ತದೆ. ಉಡುಪು ಇಲ್ಲದ ಠಾಣೆ ಈ ಪಾಠವನ್ನು ಅನಿಲ ಗುರುತಿಸುವುದು, ಜನರನ್ನು ತೆರವು ಮಾಡುವುದಕ್ಕಷ್ಟೇ ಸೀಮಿತಗೊಳಿಸಲಿ. ಐಸ್ ಪ್ಲಾಂಟುಗಳಿರುವ ಮೀನು ಬಂದರಿನ ಪಕ್ಕದ ಠಾಣೆಯಾದರೆ ಈ ಎರಡನೇ ಪಾಠವನ್ನು ಅದೇ ತಿಂಗಳಲ್ಲಿ ಮುಗಿಸಿ.