ನಗರದ ಉದ್ಯಾನವೋ, ಕೊಡಚಾದ್ರಿಯ ಕಾಡೋ: ಪ್ರಕೃತಿ ನಡಿಗೆಗೆ ಅನುಮತಿ

ಶಿವಮೊಗ್ಗದಲ್ಲಿ ಮಕ್ಕಳಿಗೆ ಗಿಡಮರ, ಹಕ್ಕಿಗಳನ್ನು ಪರಿಚಯಿಸುವ ನಡಿಗೆ ಏರ್ಪಡಿಸಬಯಸುವವರು ಮೊದಲು ಆ ಜಾಗ ಯಾರ ಆಡಳಿತಕ್ಕೆ ಸೇರಿದೆ ಎಂಬುದನ್ನು ತಿಳಿಯಬೇಕು. ಗಾಂಧಿ ಪಾರ್ಕ್‌ನಂಥ ನಗರೋದ್ಯಾನವಾದರೆ ಮಹಾನಗರ ಪಾಲಿಕೆಗೆ ಮನವಿ ಸಲ್ಲಿಸಿ, ದಿನಾಂಕ, ಸಮಯ, ಬರುವವರ ಸಂಖ್ಯೆ, ಶುಲ್ಕ ಪಡೆಯುವ ವಿಚಾರ ಎಲ್ಲವನ್ನೂ ಅದರಲ್ಲಿ ನಮೂದಿಸಿ, ಒಪ್ಪಿಗೆಯನ್ನು ಲಿಖಿತವಾಗಿಯೇ ಪಡೆಯುವುದು ಒಳ್ಳೆಯದು. ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಕಡ್ಡಾಯ.

ಕೊಡಚಾದ್ರಿಯ ವಿಷಯ ಬೇರೆ. ಅದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ಭಾಗವಾದ್ದರಿಂದ ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ: 27ನೇ ಕಲಂ ಪ್ರವೇಶವನ್ನೇ ನಿರ್ಬಂಧಿಸಿದರೆ, 28ನೇ ಕಲಂ ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ಪ್ರವಾಸದಂಥ ಉದ್ದೇಶಗಳಿಗೆ ಅನುಮತಿ ಪಡೆದು ಹೋಗಲು ದಾರಿ ಮಾಡಿಕೊಡುತ್ತದೆ, ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 30ನೇ ಕಲಂ ನಿಷೇಧಿಸುತ್ತದೆ. ಈ ಬಿಗಿ ಅಗತ್ಯವಾದದ್ದೇ, ಏಕೆಂದರೆ ಅದು ಕಾಡುಪ್ರಾಣಿಗಳ ಮನೆ.

ಆದ್ದರಿಂದ ಚಿಕ್ಕ ಮಕ್ಕಳ ತಂಡಕ್ಕೆ, ಅದರಲ್ಲೂ ಉಂಬಳ (ರಕ್ತ ಹೀರುವ ಜಿಗಣೆ) ಕಾಡುವ ಮಳೆಗಾಲದಲ್ಲಿ, ನಗರೋದ್ಯಾನವನ್ನೇ ಆರಿಸಿಕೊಳ್ಳುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಕಾಲೇಜು ವಿದ್ಯಾರ್ಥಿಗಳಿಗೆ ಕೊಡಚಾದ್ರಿಯ ಶೋಲಾ ಕಾಡನ್ನೇ (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡು) ತೋರಿಸಬೇಕೆಂದಿದ್ದರೆ, ವಾಹನ ಗೊತ್ತುಮಾಡುವ ಮೊದಲೇ ಅರಣ್ಯ ಇಲಾಖೆಯನ್ನು ಸಂಪರ್ಕಿಸಬೇಕು.