ಕರಾರು ಪತ್ರ ಕೈಯಲ್ಲಿದ್ದರೆ ಜಮೀನು ಕೈಯಲ್ಲಿದ್ದಂತಲ್ಲ

ಜಮೀನಿನ ಮಾಲೀಕರಿಂದ ಒಂದು ದರಕ್ಕೆ ಅಗ್ರಿಮೆಂಟ್ ಹಾಕಿಸಿಕೊಂಡು, ಸ್ವಲ್ಪ ಮುಂಗಡ ಕೊಟ್ಟು, ಅವಧಿ ಮುಗಿಯುವುದರೊಳಗೆ ಹೆಚ್ಚಿನ ದರ ಕೊಡುವವರನ್ನು ಹುಡುಕಿ, ಮಾಲೀಕರಿಂದ ನೇರವಾಗಿ ಅವರ ಹೆಸರಿಗೆ ಕ್ರಯ ಮಾಡಿಸಿ, ನಡುವಿನ ಹಣವನ್ನು ಉಳಿಸಿಕೊಳ್ಳುವ ವ್ಯವಹಾರ ನಮ್ಮ ಹಾಸನದ ಕಡೆಯವರಿಗೆ ಹೊಸದಲ್ಲ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ನಾನು ಎರಡು ವರ್ಷಗಳ ಹಿಂದೆ ಪರಿಚಯದ ದಲ್ಲಾಳಿಯೊಬ್ಬರ ಮಾತು ನಂಬಿ ಇದಕ್ಕೆ ಇಳಿದೆ. ಕಳೆದುಕೊಂಡಿದ್ದನ್ನು ಮರೆಮಾಚದೆ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಆಸೆಯನ್ನು ಈಗ ನನ್ನ ಪರಿಚಯದ ಇನ್ನೂ ಕೆಲವರಿಗೆ ತೋರಿಸಲಾಗುತ್ತಿದೆ.

ಜಮೀನು ಆಲೂರು ತಾಲ್ಲೂಕಿನದು. ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಸರ್ವೆ ನಂಬರಿನಲ್ಲಿ ಒಬ್ಬ ಹಿರಿಯ ರೈತರ ಪಾಲಿನ ಎರಡು ಎಕರೆ ಹತ್ತು ಗುಂಟೆ. ನಾನು ಕೊಟ್ಟ ಮುಂಗಡ ನಾಲ್ಕು ಲಕ್ಷ ರೂಪಾಯಿ. ಅದರಲ್ಲಿ ಒಂದು ಲಕ್ಷ ಬ್ಯಾಂಕಿನ ಮೂಲಕ ಹೋಗಿ ಕರಾರಿನಲ್ಲಿ ನಮೂದಾಯಿತು. ಉಳಿದ ಮೂರು ಲಕ್ಷವನ್ನು ದಲ್ಲಾಳಿಯ ಕೈಗೆ ನಗದಾಗಿ ಕೊಟ್ಟು, ಅವರಿಂದ ಒಂದು ಚೀಟಿ ಬರೆಸಿಕೊಂಡೆ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಕರಾರಿಗೆ ತಂದೆ ಮತ್ತು ಇಬ್ಬರು ಗಂಡುಮಕ್ಕಳು ಸಹಿ ಹಾಕಿದರು. ನೋಂದಣಿ ಮಾಡಿಸೋಣವೆಂದಾಗ ದಲ್ಲಾಳಿ, "ಆರು ತಿಂಗಳಿಗೆ ಅದೆಲ್ಲ ಯಾಕಣ್ಣ, ಸುಮ್ನೆ ಖರ್ಚು" ಎಂದರು. ನಾನೂ ಒಪ್ಪಿದೆ.

ಬೆಂಗಳೂರಿನ ಖರೀದಿದಾರರು ಸಿಕ್ಕಿದ ಮೇಲೆ ಅವರ ವಕೀಲರು ಕಾಗದಗಳನ್ನು ಕೇಳಿದರು. ಋಣಭಾರ ಪ್ರಮಾಣಪತ್ರದಲ್ಲಿ ಏನೂ ಇರಲಿಲ್ಲವಾದ್ದರಿಂದ ನಾನು ಧೈರ್ಯವಾಗಿದ್ದೆ. ಆದರೆ ಅದರಲ್ಲಿ ನೋಂದಣಿಯಾದ ಪತ್ರಗಳು ಮಾತ್ರ ಕಾಣುತ್ತವೆ; ನನ್ನದೇ ಕರಾರು ಅದರಲ್ಲಿ ಕಾಣದಿರುವಾಗ, ನನಗಿಂತ ಮೊದಲು ಇನ್ಯಾರೋ ಹಾಕಿಸಿಕೊಂಡ ಕರಾರು ಕಾಣುವುದಾದರೂ ಹೇಗೆ? ಅಣ್ಣತಮ್ಮಂದಿರ ಪಾಲುಗಳು ಇನ್ನೂ ಪೋಡಿಯಾಗಿರಲಿಲ್ಲ, ಅಂದರೆ ಅಳತೆಯಾಗಿ ದಾಖಲೆಯಲ್ಲಿ ಬೇರೆ ಬೇರೆಯಾಗಿರಲಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರಬೇಕಾದರೆ ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಬೇಕು, ಅದಕ್ಕೆ ಅರ್ಜಿ ಹಾಕಿ ಅಳತೆ ಆಗುವಷ್ಟರಲ್ಲಿ ಕರಾರಿನ ಅವಧಿ ಅರ್ಧ ಕಳೆದಿತ್ತು.

ಕೊನೆಗೆ ವಂಶವೃಕ್ಷ ಕೇಳಲು ನಾನೇ ಆ ಮನೆಗೆ ಹೋದೆ. ದಲ್ಲಾಳಿಯಿಲ್ಲದೆ ಅವರೊಂದಿಗೆ ಕೂತು ಮಾತಾಡಿದ್ದು ಅದೇ ಮೊದಲು. ಹಿರಿಯರು, "ನೀವೇ ಬೇಸಾಯ ಮಾಡ್ತೀರಿ ಅಂತ ಹೇಳಿದ್ರು ಸ್ವಾಮಿ, ಅದಕ್ಕೇ ಕೊಟ್ಟೆ" ಎಂದರು. ಜಮೀನು ಬೇರೆಯವರ ಹೆಸರಿಗೆ ಹೋಗುತ್ತದೆ ಎಂದಾಗಲಿ, ಎಷ್ಟಕ್ಕೆ ಹೋಗುತ್ತದೆ ಎಂದಾಗಲಿ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದವರಲ್ಲಿ ನಾನೂ ಒಬ್ಬ, ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ನಗದಿನ ಮೂರು ಲಕ್ಷದಲ್ಲಿ ಅವರ ಕೈಸೇರಿದ್ದು ಒಂದೂವರೆ ಲಕ್ಷ ಮಾತ್ರ. ಹಬ್ಬಕ್ಕೆಂದು ತವರಿಗೆ ಬಂದಿದ್ದ ಮಗಳು ಕಾಫಿ ಲೋಟ ಇಟ್ಟು, "ಅಪ್ಪ ಸೈನ್ ಹಾಕಿರಬೋದು ಕಣಣ್ಣ, ನಮ್ಮನ್ನ ಯಾರು ಕೇಳಿದ್ರು?" ಎಂದು ಕೇಳಿದರು.

ಅವರ ಪ್ರಶ್ನೆಗೆ ಕಾನೂನಿನ ಬೆಂಬಲವಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇಬ್ಬರು ಹೆಣ್ಣುಮಕ್ಕಳೂ ಒಪ್ಪಲಿಲ್ಲ, ಖರೀದಿದಾರರು ಹಿಂದೆ ಸರಿದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಲ್ಲಿಯೇ ಕ್ರಯದ ಕರಾರಿನಿಂದ ಸ್ವತ್ತಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಇದೆ ಎಂದು ನನ್ನ ವಕೀಲರು ತೋರಿಸಿದಾಗ, ನಾನು ಇಷ್ಟು ದಿನ ಮಾರಲು ಹೊರಟಿದ್ದು ಜಮೀನನ್ನಲ್ಲ, ಮತ್ತೊಬ್ಬರು ಕೊಟ್ಟ ಮಾತನ್ನು ಎಂಬುದು ಮನಸ್ಸಿಗೆ ನಾಟಿತು.

ಹಿರಿಯರು ಬ್ಯಾಂಕಿನ ಒಂದು ಲಕ್ಷದ ಜೊತೆಗೆ, ಯಾವ ಕಾಗದದಲ್ಲೂ ಇಲ್ಲದ ಆ ಒಂದೂವರೆ ಲಕ್ಷವನ್ನೂ ಕಾಳುಮೆಣಸು ಮಾರಿದ ಮೇಲೆ ಹಿಂದಿರುಗಿಸಿದರು. ದಲ್ಲಾಳಿಯ ಬಳಿ ಉಳಿದ ಒಂದೂವರೆ ಲಕ್ಷ ಬಂದಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ನೋಂದಾಯಿತ ಬಡಾವಣೆಗಳ ನಿವೇಶನ, ಫ್ಲ್ಯಾಟ್ ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿದೆ. ಹೊಲ, ತೋಟ ತೋರಿಸುವ ಇಂಥವರು ಅದರ ಹೊರಗೇ ಉಳಿಯುವುದರಿಂದ ಅಲ್ಲಿ ದೂರು ಕೊಡಲೂ ದಾರಿಯಿರಲಿಲ್ಲ. ಚೀಟಿ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ನಿಮಗೆ ಯಾರಾದರೂ ಇಂಥ ಕರಾರು ತೋರಿಸಿದರೆ, ದಲ್ಲಾಳಿಯನ್ನು ಬಿಟ್ಟು ಮೊದಲು ಮಾಲೀಕರ ಮನೆಗೆ ಹೋಗಿ, ಹೆಣ್ಣುಮಕ್ಕಳೂ ಇರುವಾಗ ದರವನ್ನೂ ನಿಮ್ಮ ಉದ್ದೇಶವನ್ನೂ ಬಾಯಿಬಿಟ್ಟು ಹೇಳಿ. ಪಹಣಿಯಲ್ಲಿ ಜಮೀನು ಹೇಗೆ ಬಂದಿದೆ ಎಂಬುದನ್ನೂ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಹಣವನ್ನು ಮಾಲೀಕರ ಖಾತೆಗೇ ಹಾಕಿ, ಕರಾರನ್ನು ನೋಂದಣಿ ಮಾಡಿಸಿ. ಆಲೂರು ಕಡೆಯ ಅದೇ ಎರಡು ಎಕರೆ ಹತ್ತು ಗುಂಟೆಯನ್ನು ಅದೇ ದಲ್ಲಾಳಿ ಈಗಲೂ ಜನರಿಗೆ ತೋರಿಸುತ್ತಿದ್ದಾರೆ ಎಂದು ಮೊನ್ನೆ ಕೇಳಿದೆ. ಆ ಮನೆಯವರು ಅದನ್ನು ಮಾರಾಟಕ್ಕೆ ಇಟ್ಟಿಲ್ಲ.