ಕಾಲಲ್ಲಿ ತುಳಿಯುವ ಕಪ್ಪು ಹೊಲಿಗೆ ಮೆಷಿನ್: ಮಗುವಿನ ಬಟ್ಟೆ, ಮೂಡಿಗೆರೆ ಮಳೆ, ನಾಲ್ಕು ವರ್ಷದ ಬಳಕೆ

2021ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಈ ಮೆಷಿನ್ ತೆಗೆದುಕೊಂಡೆ. ಆಗ ನಾನು ಐದು ತಿಂಗಳ ಬಸುರಿ. ಕಪ್ಪು ಬಣ್ಣ, ಕಾಲಲ್ಲಿ ತುಳಿಯುವುದು, ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಮೇಜು, ಕಬ್ಬಿಣದ ಸ್ಟ್ಯಾಂಡ್ ಸೇರಿ ಏಳು ಸಾವಿರದ ಹತ್ತಿರ ಆಯಿತು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಮಾದರಿಯನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಥರ ಮಾಡುತ್ತವೆ. ಸೂಜಿ, ಬಾಬಿನ್ (ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ), ಬೆಲ್ಟ್ ಯಾವ ಹೊಲಿಗೆ ಸಾಮಾನಿನ ಅಂಗಡಿಯಲ್ಲಾದರೂ ಸಿಗುತ್ತವೆ.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ ಬ್ಯಾಟರಿಯ ಪುಟಾಣಿ ಮೆಷಿನ್ ಒಂದನ್ನು ತರಿಸಿದ್ದೆ. ಎರಡು ಪದರ ಪಂಚೆ ಬಟ್ಟೆಯನ್ನೂ ಅದು ಎಳೆಯಲಿಲ್ಲ. ಅದರ ಮಾತು ಇಷ್ಟೇ ಸಾಕು.

ಮೋಟರ್ ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಹೇಳಿದರು. ನಾನು ಬೇಡ ಅಂದೆ. ಬಾಣಂತನಕ್ಕೆ ಮೂಡಿಗೆರೆ ಕಡೆಯ ಅಮ್ಮನ ಮನೆಗೆ ಹೋಗುವವಳಿದ್ದೆ. ಅಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತೆಂದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಆ ತೀರ್ಮಾನ ಸರಿಯಾಗಿತ್ತು. ಜುಲೈನ ಎಷ್ಟೋ ಸಂಜೆ ಕಿಟಕಿ ಪಕ್ಕ ಮೇಜು ಎಳೆದುಕೊಂಡು, ಉಳಿದ ಬೆಳಕಿನಲ್ಲಿ ಅಮ್ಮ ಹೊಲಿದಿದ್ದಾರೆ. ನಾನು ಮಗು ಎತ್ತಿಕೊಂಡು ಪಕ್ಕದಲ್ಲಿ ಕೂತು ಅಳತೆ ಹೇಳಿದ್ದೇನೆ.

ತುಳಿಯುವುದು ಕಲಿಯಲು ಒಂದು ವಾರ ಬೇಕು. ಚಕ್ರ ಹಿಂದಕ್ಕೆ ತಿರುಗಿದರೆ ಕೆಳಗೆ ದಾರ ಗಂಟು ಬೀಳುತ್ತದೆ. ಮೊದಲ ಎರಡು ದಿನ ದಾರವೇ ಹಾಕದೆ, ಹಳೇ ಪೇಪರ್ ಮೇಲೆ ಗೆರೆ ಎಳೆದು ಬರೀ ಸೂಜಿ ಓಡಿಸಿ. ಕಾಲಿಗೂ ಕೈಗೂ ಹೊಂದಾಣಿಕೆ ತಾನಾಗಿ ಬರುತ್ತದೆ.

ಮೊದಲು ಹೊಲಿದದ್ದು ಲಂಗೋಟಿ ಬಟ್ಟೆ. ಅಪ್ಪನ ಹಳೆಯ ಎಂಟು ಮೊಳದ ಪಂಚೆಗಳು ಇದ್ದವು. ಎಂಟು ಮೊಳ ಅಂದರೆ ಸುಮಾರು 3.6 ಮೀಟರ್ ಉದ್ದ. ಉದ್ದಕ್ಕೆ ಆರು, ಅಗಲಕ್ಕೆ ಎರಡು ಮಾಡಿದರೆ 60 ಸೆಂ.ಮೀ. ಹೆಚ್ಚುಕಡಿಮೆ ಇರುವ 12 ಚೌಕ ಸಿಗುತ್ತವೆ. ಅಂಚನ್ನು ಅರ್ಧ ಸೆಂಟಿಮೀಟರ್‌ನಂತೆ ಎರಡು ಸಲ ಮಡಚಿ ಒಂದೇ ಹೊಲಿಗೆ ಹಾಕಿದರೆ ಮುಗಿಯಿತು. ಹಳೇ ಪಂಚೆ ಚೆನ್ನಾಗಿ ಒಗೆದು ಒಗೆದು ಮೆತ್ತಗಾಗಿರುತ್ತದೆ, ನೀರನ್ನೂ ಬೇಗ ಹೀರುತ್ತದೆ. ಹೊಸ ಹತ್ತಿ ಬಟ್ಟೆಯಾದರೆ ಹೊಲಿಯುವ ಮೊದಲು ನಾಲ್ಕೈದು ಸಲ ಒಗೆಯಲೇಬೇಕು. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ, ಗಂಜಿ ಇರುವವರೆಗೆ ನೀರು ಮೇಲೇ ನಿಲ್ಲುತ್ತದೆ. ಬಟ್ಟೆ ಮೆತ್ತಗೆ ಮಾಡುವ ಕಂಡೀಷನರ್ ಹಾಕಬೇಡಿ. ಅದರ ಪದರ ಕೂತರೆ ಬಟ್ಟೆ ಹೀರುವುದು ಕಡಿಮೆಯಾಗುತ್ತದೆ.

ನಾಲ್ಕು ಪಂಚೆಯಿಂದ 48 ಚೌಕ ಮಾಡಿದೆ. ಹುಟ್ಟಿದ ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ಬದಲಿಸಬೇಕಾಗುತ್ತದೆ ಅಲ್ವಾ? ಬಿಸಿಲಿದ್ದರೆ 24 ಸಾಕು. ಮಲೆನಾಡಿನ ಮಳೆಯಲ್ಲಿ 48 ಕೂಡ ಸರಿಹೋಯಿತು ಅನ್ನಬೇಕು, ಅಷ್ಟೇ.

ನಾನು ದೊಡ್ಡ ತಪ್ಪು ಮಾಡಿದ್ದು ಒಳಗಿಡುವ ಪ್ಯಾಡ್‌ನಲ್ಲಿ. ಆರು ಪದರ ಒಂದರ ಮೇಲೊಂದು ಇಟ್ಟು, ಸುತ್ತಲೂ ಹೊಲಿದು, ನಡುವೆ ಎರಡು ಗೆರೆ ಹೊಲಿಗೆ ಹಾಕಿ 20 ಪ್ಯಾಡ್ ಮಾಡಿಟ್ಟಿದ್ದೆ. ನೋಡಲು ಬಹಳ ಚೆಂದ ಇದ್ದವು. ಜೂನ್ ಕೊನೆಯಲ್ಲಿ ಮಳೆ ಹಿಡಿಯಿತು, ಹತ್ತು ದಿನ ಬಿಡಲಿಲ್ಲ. ಮೂರನೇ ದಿನವೂ ಪ್ಯಾಡ್‌ನ ನಡುವೆ ಕೈ ಇಟ್ಟರೆ ತಣ್ಣಗೆ. ಮುಗ್ಗಲು ವಾಸನೆ. ಮಗುವಿನ ತೊಡೆ ಸಂದಿ ಕೆಂಪಾಯಿತು. ಅವತ್ತು ನಾನು ಅತ್ತುಬಿಟ್ಟೆ. ಅಮ್ಮ ಒಂದು ಪ್ಯಾಡ್ ತೆಗೆದುಕೊಂಡು ಹಿಂಡಿ ನೋಡಿ, "ಇದು ನೀರು ಕುಡಿಯೋದು ಮಾತ್ರ ನೋಡಿದ್ದೀಯ, ಬಿಡೋದು ನೋಡಿಲ್ಲ. ಎಲ್ಲ ಬಿಚ್ಚು, ತೆಳ್ಳಗೆ ಮಾಡೋಣ" ಅಂದರು.

ಬಿಚ್ಚಿದೆವು. ಎರಡೇ ಪದರದ, 36 ಸೆಂ.ಮೀ. ಅಗಲ, 38 ಸೆಂ.ಮೀ. ಉದ್ದದ ತುಂಡು ಮಾಡಿದೆವು. ಮಗುವಿಗೆ ಇಡುವಾಗ ಅಗಲವನ್ನು ಮೂರು ಮಡಿಕೆ ಮಾಡಿದರೆ 12 ಸೆಂ.ಮೀ. ಪಟ್ಟಿ, ಅದೇ ಆರು ಪದರ. ಒಗೆದು ಬಿಚ್ಚಿ ಹರವಿದರೆ ಬರೀ ಎರಡು ಪದರ. ಬಚ್ಚಲ ಒಲೆಯ ಹತ್ತಿರದ ತಂತಿಯಲ್ಲಿ ರಾತ್ರಿ ಹಾಕಿದ್ದು ಬೆಳಗ್ಗೆ ಗರಿಗರಿ. ತೀರಾ ಥಂಡಿ ದಿನಗಳಲ್ಲಿ ಅಮ್ಮ ಜಗಲಿಯಲ್ಲಿ ಕೆಂಡದ ಬಾಣಲೆ ಇಟ್ಟು, ಮೇಲೆ ಬಿದಿರ ಬುಟ್ಟಿ ಮಗುಚಿ, ಅದರ ಮೇಲೆ ಬಟ್ಟೆ ಹರವುತ್ತಿದ್ದರು. ನಾವು ಚಿಕ್ಕವರಿದ್ದಾಗಲೂ ಹಾಗೇ ಮಾಡುತ್ತಿದ್ದರಂತೆ. ಕೆಂಡ ಮಾತ್ರ ಮುಚ್ಚಿದ ಕೋಣೆಯೊಳಗೆ ಬೇಡ, ಮಗು ಮಲಗುವ ಕಡೆಯಂತೂ ಬೇಡವೇ ಬೇಡ. ನಮ್ಮ ಕಡೆಯ ಹವೆಗೆ ಹೊಲಿಯುವವರು ಬಟ್ಟೆ ಕತ್ತರಿಸುವ ಮೊದಲು ಇದು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಯೋಚಿಸಿ. ಇಂಟರ್‌ನೆಟ್‌ನಲ್ಲಿ ಸಿಗುವ ಅಳತೆಗಳಲ್ಲಿ ಈ ಮಾತು ಇರುವುದು ಕಡಿಮೆ.

ಮೇಲಿನ ಕವರ್‌ಗೆ ಪಿ.ಯು.ಎಲ್. ಬಟ್ಟೆ ತರಿಸಿದೆ. ಪಾಲಿಯೆಸ್ಟರ್ ಬಟ್ಟೆಗೆ ಒಂದು ಕಡೆ ತೆಳುವಾದ ಪ್ಲಾಸ್ಟಿಕ್ ಥರದ ಪದರ ಅಂಟಿಸಿರುತ್ತಾರೆ. ಇದನ್ನು ಹೊಲಿಯುವಾಗ ಈ ಮೆಷಿನ್ ಸ್ವಲ್ಪ ತೊಂದರೆ ಕೊಡುತ್ತದೆ. ಪದರ, ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಫುಟ್‌ಗೆ ಅಂಟಿಕೊಂಡು ಮುಂದೆ ಹೋಗುವುದಿಲ್ಲ. ಮೇಲೆ ಬಟರ್ ಪೇಪರ್ ಇಟ್ಟು ಹೊಲಿದು, ಆಮೇಲೆ ಪೇಪರ್ ಹರಿದು ತೆಗೆಯಬೇಕು. ಹೊಲಿಗೆ ಉದ್ದ ಇರಲಿ, 3 ಮಿ.ಮೀ.ಗಿಂತ ಕಡಿಮೆ ಬೇಡ. ಒತ್ತೊತ್ತಾಗಿ ಹೊಲಿದರೆ ತೂತಿನ ಸಾಲಾಗಿ ನೀರು ಸೋರುತ್ತದೆ. ಅದೇ ಕಾರಣಕ್ಕೆ ಗುಂಡುಸೂಜಿ ಚುಚ್ಚಬೇಡಿ, ಬಟ್ಟೆ ಕ್ಲಿಪ್ ಹಾಕಿ. ದಾರ ಪಾಲಿಯೆಸ್ಟರ್‌ದೇ ಆಗಬೇಕು, ಹತ್ತಿ ದಾರ ಒದ್ದೆಯನ್ನು ಹೊರಕ್ಕೆ ಎಳೆಯುತ್ತದೆ. ನನ್ನ ಮೊದಲ ಎರಡು ಕವರ್ ಹಾಳಾಗಿದ್ದು ಬೇರೆ ರೀತಿ. ಲಂಗೋಟಿ ಬಟ್ಟೆಗಳ ಜೊತೆ ಅವನ್ನೂ ಕುದಿಯುವ ನೀರಿಗೆ ಹಾಕಿಬಿಟ್ಟೆವು. ಒಳಪದರ ಸುಕ್ಕುಗಟ್ಟಿ ಕಿತ್ತು ಬಂತು. ಹತ್ತಿ ಬಟ್ಟೆ ಕುದಿಸಬಹುದು, ಇದನ್ನು ಕುದಿಸಬಾರದು.

ರಾತ್ರಿಗೂ ಪ್ರಯಾಣಕ್ಕೂ ನಾನು ಅಂಗಡಿಯ ಡಯಾಪರ್ ಬಳಸಿದ್ದೇನೆ. ಚಾರ್ಮಾಡಿ ಘಾಟಿ ಇಳಿಯುವಾಗ ಬಟ್ಟೆ ಬದಲಿಸುತ್ತಾ ಕೂರಲು ಆಗುವುದಿಲ್ಲ.

ಜೊಲ್ಲು ಬಟ್ಟೆ, ಒರೆಸುವ ಬಟ್ಟೆಗೆ ಹಳೇ ಬನಿಯನ್ ಒಳ್ಳೆಯದು. ಅದರ ಅಂಚು ಎಳೆ ಬಿಡುವುದಿಲ್ಲ, ಹಾಗಾಗಿ ಹೊಲಿಗೆಯೂ ಬೇಡ. ಎರಡು ಪದರ ಸೇರಿಸಿ ಹೊಲಿಯುವುದಾದರೆ ತುದಿ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಿ. ಮಾಮೂಲಿ ಸೂಜಿಯಲ್ಲಿ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಕುತ್ತಿಗೆಗೆ ಉದ್ದ ದಾರ ಇಡಬೇಡಿ, ಟಿಚ್ ಬಟನ್ ಗಟ್ಟಿಯಾಗಿ ಕೂರಿಸಿ. ರಾಗಿ ಸರಿಯ ಕಲೆ ಹೋಗಲು ಒಂದು ದಿನದ ಬಿಸಿಲು ಸಾಕು, ಬಿಸಿಲು ಬಂದರೆ! ಪ್ರೀತಿಯಿಂದ ಒಂದು ಸಾಸಿವೆ ದಿಂಬನ್ನೂ ಹೊಲಿದಿದ್ದೆ. ಮಗು ಮಲಗುವ ಜಾಗದಲ್ಲಿ ಒಂದು ವರ್ಷದವರೆಗೆ ಯಾವ ದಿಂಬೂ ಇಡಬೇಡಿ, ಉಸಿರಿಗೆ ಅಡ್ಡ ಬರಬಹುದು ಎಂದು ಮಕ್ಕಳ ಡಾಕ್ಟರ್ ಹೇಳಿದರು. ಅಜ್ಜಿಗೆ ಬೇಜಾರಾಯಿತು. ಆದರೂ ತೆಗೆದಿಟ್ಟೆ.

ಈಗ ಮೆಷಿನ್ ಬಗ್ಗೆ. ಮಳೆ ಇದಕ್ಕೂ ಶತ್ರು. ಚರ್ಮದ ಬೆಲ್ಟ್ ಥಂಡಿಗೆ ಹಿಗ್ಗಿ ಸಡಿಲವಾಗುತ್ತದೆ, ತುಳಿದರೆ ಚಕ್ರ ಜಾರುತ್ತದೆ. ಅರ್ಧ ಇಂಚು ಕತ್ತರಿಸಿ ಮತ್ತೆ ಕೊಕ್ಕೆ ಹಾಕಿದರೆ ಸರಿ. ನಾಲ್ಕು ವರ್ಷದಲ್ಲಿ ಎರಡು ಸಲ ಕತ್ತರಿಸಿದೆ, ಒಮ್ಮೆ ಹೊಸದು ಹಾಕಿದೆ. ಸೂಜಿಯನ್ನು ಮೆಷಿನ್‌ನಲ್ಲೇ ಬಿಟ್ಟರೆ ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಬೀಳುತ್ತದೆ. ಬಿಚ್ಚಿ ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಹಳೇ ಬಟ್ಟೆ ಹೊಲಿಯುವವರಿಗೆ ನೂಲಿನ ಧೂಳು ಜಾಸ್ತಿ. ಬಾಬಿನ್ ಕೂರುವ ಶಟಲ್ ಸುತ್ತ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಪಟ್ಟಿಯ ಕೆಳಗೆ ಅದು ಹತ್ತಿಯ ಉಂಡೆಯಂತೆ ಸೇರಿಕೊಳ್ಳುತ್ತದೆ. ಮೆಷಿನ್ ಭಾರವಾಯಿತು ಅನ್ನಿಸಿದರೆ ಮೊದಲು ಅಲ್ಲಿ ನೋಡಿ. ಮೆಷಿನ್ ಎಣ್ಣೆಯನ್ನೇ ಹಾಕಿ, ಕೊಬ್ಬರಿ ಎಣ್ಣೆ ಬೇಡ, ಅಂಟಾಗಿಬಿಡುತ್ತದೆ. ಎಣ್ಣೆ ಹಾಕಿದ ಮೇಲೆ ಒಂದು ಚಿಂದಿಯ ಮೇಲೆ ಹತ್ತು ನಿಮಿಷ ಓಡಿಸಿ, ಆಮೇಲೆ ಮಗುವಿನ ಬಟ್ಟೆ ಮುಟ್ಟಿ.

ಎಳೆ ಬಿಡದಂತೆ ಅಂಚನ್ನು ದಾರದಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಮಾಡಲು ಆಗುವುದಿಲ್ಲ ಎಂಬುದು ಇದರ ನಿಜವಾದ ಕೊರತೆ. ಅದಕ್ಕೆ ದಾರಿ ಕಲಿಸಿದ್ದು ನಮ್ಮ ಪಕ್ಕದ ಮನೆಯ ಅಕ್ಕ. ಅವರು ಹಾಸನದಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು. ಮೊದಲು ಬಟ್ಟೆಯ ಒಳಮೈ ಒಳಗಿಟ್ಟು ಸಣ್ಣಗೆ ಹೊಲಿದು, ಮಗುಚಿ, ಆ ಅಂಚು ಮುಚ್ಚಿಹೋಗುವಂತೆ ಇನ್ನೊಂದು ಹೊಲಿಗೆ ಹಾಕುವುದು. ಎಳೆ ಹೊರಗೆ ಕಾಣುವುದೇ ಇಲ್ಲ, ಮಗುವಿನ ಮೈಗೂ ಚುಚ್ಚುವುದಿಲ್ಲ. ಕುಲಾವಿ, ಜುಬ್ಬಾ, ತರಕಾರಿ ಚೀಲ ಎಲ್ಲಕ್ಕೂ ನಾನು ಇದನ್ನೇ ಹಾಕುತ್ತೇನೆ.

ಮಗಳಿಗೆ ಈಗ ನಾಲ್ಕು ವರ್ಷ ದಾಟಿದೆ. ಮೆಷಿನ್ ಖಾಲಿ ಕೂತಿಲ್ಲ. ಮಸಿಬಟ್ಟೆಗಳು ಹಳೇ ಜೀನ್ಸ್‌ನಿಂದ, 16 ನಂಬರ್ ಸೂಜಿಯಲ್ಲಿ. ಸಿಂಥೆಟಿಕ್ ಬಟ್ಟೆ ಸೇರಿಸಬೇಡಿ, ಬಿಸಿ ಪಾತ್ರೆಗೆ ಕರಗಿ ಅಂಟುತ್ತದೆ. ಕಡುಬು ಬೇಯಿಸುವ ಪಾತ್ರೆಗೆ ಹಾಸುವ ಬಟ್ಟೆ, ಕಾಫಿ ಸೋಸುವ ಬಟ್ಟೆ ತೆಳು ಮಲ್ಲಿನಿಂದ, 11 ನಂಬರ್ ಸೂಜಿಯಲ್ಲಿ. ಕಾಫಿ ಬಟ್ಟೆಯನ್ನು ನಾನು ಸೋಪಿನಲ್ಲಿ ಒಗೆಯುವುದಿಲ್ಲ, ಬರೀ ಬಿಸಿನೀರು. ಇಲ್ಲದಿದ್ದರೆ ಮರುದಿನದ ಡಿಕಾಕ್ಷನ್‌ನಲ್ಲಿ ಸೋಪಿನ ವಾಸನೆ ಬರುತ್ತದೆ.

ಲಂಗೋಟಿ ಬಟ್ಟೆಗಳಲ್ಲಿ 31 ಇನ್ನೂ ಗಟ್ಟಿ ಇವೆ. ನಾದಿನಿಗೆ ಶ್ರಾವಣದಲ್ಲಿ ಹೆರಿಗೆ. ಹೋದ ವಾರ ಎಲ್ಲವನ್ನೂ ಕುದಿಸಿ ಒಣಗಿಸಿ, ಬಿಚ್ಚಿದ ಅಂಚುಗಳಿಗೆ ಮತ್ತೆ ಹೊಲಿಗೆ ಹಾಕಿದೆ. ಕಡಿಮೆ ಬಿದ್ದ 17ಕ್ಕೆ ಅಪ್ಪ ಇನ್ನೆರಡು ಪಂಚೆ ತೆಗೆದಿಟ್ಟಿದ್ದಾರೆ.